ಹದಿನಾಲ್ಕು ಇಂಚಿನ ಒರೆ

ಮಾರ್ಚ್ ೪

ಮಾನ್ಯರೇ,

ನಿಮ್ಮ ಮಗಳು ಮೂರು ವರ್ಷ ಚರ್ಮದ ಮೇಲೆ ಚಿತ್ತಾರ ಕೆತ್ತುವ ಕೆಲಸ ಕಲಿತದ್ದು ನನ್ನ ಹತ್ತಿರ. ಹೋದ ನವೆಂಬರಿನಲ್ಲಿ ಅವಳನ್ನು ಕಳಿಸಿಕೊಟ್ಟ ದಿನ ಎಲ್ಲರಿಗಿಂತ ಹಿಂದೆ ನಿಂತಿದ್ದ ದಪ್ಪ ಕನ್ನಡಕದ ಹೆಂಗಸು ನಾನೇ. ನಿಮ್ಮನ್ನು ಮಾತಾಡಿಸಬೇಕೆಂದು ಎರಡು ಸಲ ಹೆಜ್ಜೆ ಮುಂದಿಟ್ಟೆ. ಆಗಲಿಲ್ಲ. ಕ್ಷಮಿಸಿ.

ನಾಲ್ಕು ತಿಂಗಳಿಂದ ಕಿಟಕಿ ಪಕ್ಕದ ಅವಳ ಜಾಗ ಹಾಗೇ ಇದೆ. ಯಾರೂ ಕೂರಬೇಡಿ ಎಂದು ನಾನು ಹೇಳಿಲ್ಲ, ಆದರೂ ಉಳಿದವರು ಅಲ್ಲಿ ಚೀಲ ಕೂಡ ಇಡುವುದಿಲ್ಲ. ಅವಳ ಉಪಕರಣದ ಪೆಟ್ಟಿಗೆ, ಒಂದು ಏಪ್ರನ್, ಅರ್ಧ ಕೆತ್ತಿದ ಒಂದು ತುಂಡು ನನ್ನಲ್ಲಿವೆ. ಅವು ನಿಮಗೆ ಸೇರಬೇಕಾದವು. ನೀವೇ ಬರುತ್ತೀರೋ, ಅಂಚೆಯಲ್ಲಿ ಕಳಿಸಲೋ? ಬರುವುದಾದರೆ ನಮ್ಮದು ಮಹಡಿ ಮೇಲಿನ ಕೋಣೆ, ಮೆಟ್ಟಿಲು ಸ್ವಲ್ಪ ಕಡಿದು.

ಇಂತಿ,
ಅವಳ ಟೀಚರ್


ಮಾರ್ಚ್ ೧೫

ಟೀಚರಮ್ಮನವರಿಗೆ,

ಕಾಗದ ತಲುಪಿತು. ಸಾಮಾನು ಅಂಚೆಯಲ್ಲೇ ಕಳಿಸಿ. ಆ ದಾರಿಯ ಬಸ್ಸು ಹತ್ತಲು ನನ್ನಿಂದ ಆಗುವುದಿಲ್ಲ.

ನಾನು ಟೈಲರ್. ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳು ಎಂದು ಬರೆದು ಗೊತ್ತೇ ಹೊರತು ಕಾಗದ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮನ್ನು ಒಂದು ಮಾತು ಕೇಳಬೇಕು. ಆ ಬುಧವಾರ ಅವಳು ಅಪಘಾತವಾದ ಆ ಬಸ್ಸಿನಲ್ಲಿ ಯಾಕಿದ್ದಳು? ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮೂರು ಬಿಡುವ ಆ ಬಸ್ಸು ನಮ್ಮೂರಿಗೇ ಬರುವುದು. ಇಲ್ಲೇ ಅದರ ಕೊನೆಯ ನಿಲ್ದಾಣ. ಮೂರು ವರ್ಷ ಅವಳು ಈ ಕಡೆ ತಲೆ ಹಾಕಿರಲಿಲ್ಲ. ನಡುವೆ ಎಲ್ಲಾದರೂ ಇಳಿಯುವವಳಿದ್ದಳೋ, ನನ್ನ ಹತ್ತಿರ ಬರುತ್ತಿದ್ದಳೋ? ಪೊಲೀಸರಿಗೂ ಗೊತ್ತಿಲ್ಲ, ಆಸ್ಪತ್ರೆಯವರಿಗೂ ಗೊತ್ತಿಲ್ಲ. ಟಿಕೆಟಾದರೂ ಸಿಕ್ಕಿದ್ದರೆ ಎಲ್ಲಿಯವರೆಗೆ ಅಂತ ಓದಿಕೊಳ್ಳುತ್ತಿದ್ದೆ. ಅದೂ ಸಿಗಲಿಲ್ಲ.

ಅವಳ ಕೈಚೀಲ ನನಗೆ ಕೊಟ್ಟರು. ಒಂದು ಸೇಬು, ನೀರಿನ ಬಾಟಲಿ, ನಾಲ್ಕು ಮಡಿಕೆ ಮಾಡಿದ ಒಂದು ದಪ್ಪ ಕಾಗದ. ಅದರಲ್ಲಿ ಏನೋ ಒಂದು ಉದ್ದನೆಯ ಆಕಾರ ಬರೆದಿದ್ದಳು, ಏನೆಂದು ತಿಳಿಯಲಿಲ್ಲ. ಆಮೇಲೆ ನನ್ನ ಅಂಗಡಿಯ ಹಳೆಯ ಅಳತೆ ಟೇಪು. ಅವಳು ಮನೆ ಬಿಟ್ಟ ದಿನದಿಂದ ಆ ಟೇಪು ಕಾಣೆಯಾಗಿತ್ತು. ನಾನು ಇಲಿ ಎಳೆದುಕೊಂಡು ಹೋಗಿರಬೇಕು ಅಂದುಕೊಂಡಿದ್ದೆ.

ನಿಮಗೆ ಗೊತ್ತಿದ್ದರೆ ಹೇಳಿ. ಇಷ್ಟು ಗೊತ್ತಾದರೆ ಸಾಕು ನನಗೆ.

ಇಂತಿ,
ಟೈಲರ್


ಮಾರ್ಚ್ ೨೮

ಮಾನ್ಯರೇ,

ಪಾರ್ಸೆಲ್ ಕಳಿಸಿದ್ದೇನೆ. ಉಪಕರಣಗಳಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟಿದ್ದೇನೆ. ಕೆತ್ತಿದ ತುಂಡಿನ ಮೇಲೆ ಭಾರ ಏನೂ ಇಡಬೇಡಿ, ನೀರು ತಾಗಿಸಬೇಡಿ. ಅದು ಯಾವುದೋ ಒಂದು ಒರೆಯ ಮುಂಭಾಗ. ಹಿಂಭಾಗ ಇನ್ನೂ ಕತ್ತರಿಸಿರಲಿಲ್ಲ.

ನೀವು ಕೇಳಿದ್ದಕ್ಕೆ: ಹಿಂದಿನ ದಿನ ಸಂಜೆ ರಜೆ ಕೇಳಿದಳು, ಕೊಟ್ಟೆ. ಎಲ್ಲಿಗೆ, ಯಾಕೆ ಎಂದು ಕೆದಕಿ ಕೇಳುವ ಸ್ವಭಾವ ನನ್ನದಲ್ಲ.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ಟೀಚರ್


ಏಪ್ರಿಲ್ ೨೧

ಟೀಚರಮ್ಮನವರಿಗೆ,

ಪಾರ್ಸೆಲ್ಲು ಬಂದು ಹದಿನೈದು ದಿನವಾಯಿತು. ಬಿಚ್ಚಲು ಧೈರ್ಯ ಸಾಲದೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ತಳ್ಳಿಬಿಟ್ಟಿದ್ದೆ. ಪಕ್ಕದಂಗಡಿಯ ಗಡಿಯಾರದವನು ದಿನಾ ಬಂದು, "ಏನ್ರೀ ಟೈಲರೇ, ಕಾಲ್ ಕೆಳಗೆ ಬಾಂಬ್ ಇಟ್ಕೊಂಡು ಕೂತಿದ್ದೀರಾ? ಬಿಚ್ರೀ ಅದನ್ನ" ಅನ್ನುತ್ತಿದ್ದ. ಅವನ ಕಾಟ ತಡೆಯಲಾರದೆ ನಿನ್ನೆ ಬಿಚ್ಚಿದೆ.

ಏಪ್ರನ್ ನೋಡಿದ ಕೂಡಲೇ ಅವಳೇ ಹೊಲಿದದ್ದು ಅಂತ ಗೊತ್ತಾಯಿತು. ಜೇಬಿನ ಮೂಲೆಗೆ ತ್ರಿಕೋನದ ಹೊಲಿಗೆ ಹಾಕಿ ಬಲ ಕೊಡುವುದನ್ನು ಅವಳ ಹತ್ತನೇ ವಯಸ್ಸಿನಲ್ಲಿ ನಾನೇ ತೋರಿಸಿಕೊಟ್ಟಿದ್ದೆ. ನನ್ನ ಅಂಗಡಿ ಬೇಡವಾದರೂ ನನ್ನ ಹೊಲಿಗೆ ಬೇಡವಾಗಿರಲಿಲ್ಲ ಅಂತಾಯಿತು. ಅಷ್ಟು ಹೊತ್ತು ಹೇಗೋ ಇದ್ದವನು ಆ ಮೂಲೆ ನೋಡಿ ಅತ್ತುಬಿಟ್ಟೆ.

ಆ ಒರೆಯ ತುಂಡು ಅಳೆದೆ. ಅಳೆಯದೆ ಇರುವುದು ನನ್ನಿಂದಾಗದ ಮಾತು. ಹದಿನಾಲ್ಕು ಇಂಚು. ಮೇಲೆ ಅಗಲ, ಕೆಳಗೆ ಕಿರಿದು. ಇಷ್ಟುದ್ದದ ಸಾಮಾನು ನನ್ನ ಕಣ್ಣಿಗಂತೂ ಬಿದ್ದಿಲ್ಲ. ಯಾರಿಗೆ ಮಾಡುತ್ತಿದ್ದಳು, ಕಟುಕನಿಗಾ? ಬಳ್ಳಿ ಮಾತ್ರ ಚೆನ್ನಾಗಿದೆ. ಏಳು ಎಲೆ ಪೂರ್ತಿ ಕೆತ್ತಿದ್ದಾಳೆ. ಎಂಟನೆಯದರಿಂದ ಕೆಳಗೆ ಬರೀ ಗೆರೆ, ಅದೂ ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಉಗುರಿನಲ್ಲಿ ಎಳೆದದ್ದಲ್ಲವೇ? ನನ್ನ ಹೆಬ್ಬೆರಳಿನ ಉಗುರನ್ನು ಅದರ ಮೇಲಿಟ್ಟು ನೋಡಿದೆ. ನನ್ನದು ದೊಡ್ಡದಾಯಿತು.

ಇದನ್ನು ನಾನು ಮುಗಿಸಬೇಕು. ನನಗೆ ಐವತ್ತೆಂಟು, ಕಣ್ಣು ಸರಿಯಿದೆ, ಕೈ ನಡುಗುವುದಿಲ್ಲ. ಕಲಿಸಿಕೊಡುತ್ತೀರಾ?

ಇಂತಿ,
ಟೈಲರ್


ಮೇ ೬

ಟೈಲರ್ ಅವರಿಗೆ,

ಆಗುವುದಿಲ್ಲ ಎಂದು ಒಂದು ಕಾಗದ ಬರೆದು ಹರಿದುಹಾಕಿದೆ. ಎದುರಿಗೆ ಕೂರಿಸಿಕೊಂಡು ಕೈ ಹಿಡಿದು ತಿದ್ದಿದರೂ ಜನಕ್ಕೆ ಒಂದು ವರ್ಷ ಬೇಕು. ಕಾಗದದಲ್ಲಿ ಹೇಗೆ ಕಲಿಸಲಿ? ಆದರೆ ನಿಮಗೆ ಆಗುವುದಿಲ್ಲ ಎನ್ನುವ ಅಧಿಕಾರ ನನಗಿಲ್ಲ. ಹಾಗಾಗಿ ಕಲಿಸುತ್ತೇನೆ. ಒಂದು ಷರತ್ತು. ನಾನು ಹೇಳುವವರೆಗೆ ಆ ಒರೆಯನ್ನು ಮುಟ್ಟಬಾರದು. ಅಭ್ಯಾಸಕ್ಕೆ ಚೂರುಪಾರು ಕಳಿಸುತ್ತಿದ್ದೇನೆ. ಅದನ್ನು ಎಷ್ಟು ಬೇಕಾದರೂ ಹಾಳು ಮಾಡಿ.

ಮೊದಲ ಪಾಠ ಚಾಕುವಿನದಲ್ಲ, ನೀರಿನದು. ಒಣ ಚರ್ಮ ಕೆತ್ತನೆಗೆ ಬಗ್ಗುವುದಿಲ್ಲ. ಸ್ಪಂಜಿನಲ್ಲಿ ಒಂದೇ ಸಮನೆ ನೀರು ಸವರಿ. ಕಪ್ಪಾಗುತ್ತದೆ. ಸುಮ್ಮನೆ ಕಾಯಿರಿ. ಬಣ್ಣ ತಿರುಗಿ ಮೊದಲಿನಂತಾಗುತ್ತಾ ಬಂದಾಗ ಕೆನ್ನೆಗೆ ಒತ್ತಿ ನೋಡಿ. ತಣ್ಣಗಿರಬೇಕು, ಕೆನ್ನೆ ಒದ್ದೆಯಾಗಬಾರದು. ನಿಮಗೆ ತಿಳಿಯುವ ಹಾಗೆ ಹೇಳುವುದಾದರೆ, ಇಸ್ತ್ರಿಗೆ ತಯಾರಾದ ಬಟ್ಟೆ ಹೇಗಿರುತ್ತದೋ ಆ ಹದ. ಆ ಹದದಲ್ಲಿ ಚರ್ಮ ಏನು ಮಾಡಿದರೂ ನೆನಪಿಟ್ಟುಕೊಳ್ಳುತ್ತದೆ, ಉಗುರು ತಾಗಿದರೂ ಸಹ. ಅದಕ್ಕೇ ನಮ್ಮಲ್ಲಿ ಪೆನ್ಸಿಲ್ ಇಲ್ಲ. ಗುರುತು ಮಾಡುವುದು ಉಗುರಿನಲ್ಲೇ. ಇಲ್ಲಿಗೆ ಬರುವವರೆಲ್ಲ ಬಲಗೈ ಹೆಬ್ಬೆರಳಿನ ಉಗುರು ಬಿಡುತ್ತಾರೆ. ನಿಮ್ಮ ಮಗಳೂ ಬಿಟ್ಟಿದ್ದಳು.

ಆಮೇಲೆ ಚಾಕು. ಪೆಟ್ಟಿಗೆಯಲ್ಲಿ ಗಿಡ್ಡ ಹಿಡಿಯ, ತಲೆ ಮೇಲೆ ಕಮಾನು ಇರುವ ಒಂದು ಚಾಕು ಇದೆ. ತೋರುಬೆರಳನ್ನು ಕಮಾನಿನ ಮೇಲೆ ಕೂರಿಸಿ, ಉಳಿದ ಬೆರಳಲ್ಲಿ ಹಿಡಿಯನ್ನು ತಿರುಗಿಸುತ್ತಾ ನಿಮ್ಮ ಕಡೆಗೆ ಎಳೆಯಿರಿ. ಅಡ್ಡ ಬಾಗಿಸಬೇಡಿ. ದಪ್ಪದ ಅರ್ಧದಷ್ಟು ಮಾತ್ರ ಕೊಯ್ಯಬೇಕು. ಒಂದು ಗೆರೆಗೆ ಒಂದೇ ಸಲ. ತಪ್ಪಿದರೆ ಮತ್ತೆ ಅದರ ಮೇಲೇ ಎಳೆಯಬಾರದು.

ಇಂತಿ,
ಟೀಚರ್


ಜೂನ್ ೧೦

ಟೀಚರಮ್ಮನವರಿಗೆ,

ಒಂದು ತಿಂಗಳಿಂದ ನಿಮ್ಮ ಚೂರುಗಳನ್ನು ಹಾಳು ಮಾಡುತ್ತಿದ್ದೇನೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಮಧ್ಯಾಹ್ನ ಅಂಗಡಿಯಲ್ಲೇ ಬುತ್ತಿ ಬಿಚ್ಚಿ ಉಂಡು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಸ್ತ್ರಿಪೆಟ್ಟಿಗೆ ಇಡುವ ಕಲ್ಲಿನ ಮೇಲೆ ಚೂರು ಹಾಸಿಕೊಂಡು ಕೂರುತ್ತೇನೆ. ನೇರ ಗೆರೆ ಬರುತ್ತದೆ. ತಿರುವಿನಲ್ಲಿ ಚಾಕು ನನ್ನ ಮಾತು ಕೇಳುವುದಿಲ್ಲ. ನನ್ನ ಎಲೆ ನೋಡಿ ಗಡಿಯಾರದವನು, "ಮೀನು ಚೆನ್ನಾಗಿ ಬಂದಿದೆ" ಅಂದ.

ಒಂದು ತಪ್ಪು ಮಾಡಿದೆ, ಬೈಯಬೇಡಿ. ಚಿತ್ರದ ಕಾಗದ ಜಾರದ ಹಾಗೆ ನಾಲ್ಕು ಮೂಲೆಗೂ ಗುಂಡುಪಿನ್ನು ಚುಚ್ಚಿದೆ. ಬಟ್ಟೆಗೆ ಹಾಗೇ ಅಲ್ಲವೇ ಮಾಡುವುದು. ಪಿನ್ನು ಕಿತ್ತರೆ ನಾಲ್ಕು ತೂತು, ತೂತಿನ ಸುತ್ತ ಮಸಿ ಬಳಿದ ಹಾಗೆ ಕಪ್ಪು. ತಿಕ್ಕಿದರೂ ಹೋಗಲೊಲ್ಲದು.

ಬಟ್ಟೆಯಲ್ಲಿ ಎಂಥ ತಪ್ಪಾದರೂ ಬಿಚ್ಚಿ ಹೊಲಿಯಬಹುದು. ಮೂವತ್ತೈದು ವರ್ಷ ಹಾಗೇ ಬದುಕಿದವನು ನಾನು. ಬಿಚ್ಚಿ ಹೊಲಿದರಾಯಿತು ಅನ್ನುವ ಧೈರ್ಯದಲ್ಲೇ ಮಾತನ್ನೂ ಆಡಿಬಿಡುತ್ತಿದ್ದೆ.

ನಿಮಗೆ ಅವಳು ಹೇಳಿರಬಹುದು. ಅವಳ ತಾಯಿ ತೀರಿಕೊಂಡ ಮೇಲೆ ಎರಡನೇ ಹೊಲಿಗೆ ಮಿಷನ್ನಿನ ಮುಂದೆ ಅವಳೇ ಕೂರುತ್ತಿದ್ದಳು. ನಾಳೆ ಅಂಗಡಿ ಅವಳದೇ ಅಂತ ನಾನು ತಿಳಿದಿದ್ದೆ, ಅವಳನ್ನು ಕೇಳಿರಲಿಲ್ಲ. ಒಂದು ದಿನ ಬಂದು, "ಅಪ್ಪಾ, ನಾನು ಚರ್ಮದ ಕೆತ್ತನೆ ಕಲಿಯೋಕೆ ಹೋಗ್ತೀನಿ, ಅಲ್ಲಿ ಸೀಟ್ ಸಿಕ್ಕಿದೆ" ಅಂದಳು. ನನಗೆ ತಲೆ ಕೆಟ್ಟುಹೋಯಿತು. ಬೆಲ್ಟಿನ ಮೇಲೆ ಹೂವು ಕೆತ್ತೋದೂ ಒಂದು ಕೆಲಸವಾ ಅಂದೆ. ಇನ್ನೂ ಏನೇನೋ ಅಂದೆ. ಕೊನೆಗೆ ಅವಳು ಚೀಲ ಹಿಡಿದು ಅಂಗಡಿಯ ಮೆಟ್ಟಿಲಿಳಿಯುವಾಗ, "ಹೋಗು. ಇನ್ಮೇಲೆ ಬಟ್ಟೆ ಅಳತೆಗೂ ಈ ಮೆಟ್ಲು ಹತ್ತಬೇಡ" ಅಂದುಬಿಟ್ಟೆ. ಹುಟ್ಟಿದಾಗಿನಿಂದ ಅವಳ ಮೈಮೇಲೆ ನಾನು ಹೊಲಿಯದ ಬಟ್ಟೆ ಬಿದ್ದಿರಲಿಲ್ಲ ಟೀಚರಮ್ಮ.

ಆಸ್ಪತ್ರೆಯಲ್ಲಿ ತೋರಿಸಿದಾಗ ರೆಡಿಮೇಡ್ ಅಂಗಿ ತೊಟ್ಟಿದ್ದಳು. ಹೆಗಲು ಒಂದಿಂಚು ಸಡಿಲ. ಬೇರೆಯವರು ಮುಖ ನೋಡುತ್ತಿದ್ದರು, ನಾನು ಆ ಹೆಗಲನ್ನೇ ನೋಡುತ್ತಾ ನಿಂತೆ.

ಅವಳು ಎಲ್ಲಿಗೆ ಹೊರಟಿದ್ದಳು ಅಂತ ಅಲ್ಲಿ ಬೇರೆ ಯಾರಿಗಾದರೂ ಹೇಳಿದ್ದಳೇನೋ, ಒಂದು ಸಲ ವಿಚಾರಿಸಿ.

ಇಂತಿ,
ಟೈಲರ್


ಜುಲೈ ೨

ಅಣ್ಣಾ,

ಹೀಗೆ ಕರೆಯಬಹುದಲ್ಲವೇ? ವಯಸ್ಸಿನಲ್ಲಿ ನಾನೇ ಎರಡು ವರ್ಷ ದೊಡ್ಡವಳು. ಆದರೂ ಬರೆಯುವಾಗ ಹೀಗೇ ಬಂತು.

ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿಕೊಂಡೇ ಇದ್ದರೆ ಕಪ್ಪಾಗುತ್ತದೆ. ನಿಂಬೆರಸ ಹಚ್ಚಿ, ಒರೆಸಿ ತೆಗೆಯಿರಿ, ಹೋಗುತ್ತದೆ. ತೂತಿಗೆ ನನ್ನ ಹತ್ತಿರ ಔಷಧಿ ಇಲ್ಲ. ಮೂವತ್ತು ವರ್ಷದಲ್ಲಿ ಗುಂಡುಪಿನ್ನು ಚುಚ್ಚಿದವರು ಇಬ್ಬರೇ, ನೀವು ಮತ್ತು ನಿಮ್ಮ ಮಗಳು. ಮೊದಲ ದಿನ ಅವಳು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೂತಿದ್ದನ್ನು ನೋಡಿ, "ಇದು ಟೈಲರ್ ಅಂಗಡಿಯಲ್ಲಮ್ಮ, ಉಗಿ ಅದನ್ನ" ಎಂದಿದ್ದೆ. ಮೂತಿ ಊದಿಸಿಕೊಂಡೇ ಸಂಜೆವರೆಗೂ ಕೆಲಸ ಮಾಡಿದಳು. ನನ್ನ ಕೈಯಲ್ಲಿ ಯಾವಾಗಲೂ ಮರದ ಕೊಡತಿ ಇರುತ್ತದೆಂದು, ಹಿಂದಿನಿಂದ ನನಗೆ ಕೊಡತಿಯಮ್ಮ ಎಂದು ಹೆಸರಿಟ್ಟಳು. ಈಗಲೂ ಇಲ್ಲಿ ನನಗೆ ಅದೇ ಹೆಸರು.

ನೀವು ಕಾಗದದ ಜೊತೆ ಕಳಿಸಿದ ಎಲೆ ನೋಡಿದೆ. ಮೀನಲ್ಲ, ಎಲೆಯೇ. ತುದಿಯಲ್ಲಿ ಚಾಕುವಿನ ಒತ್ತಡ ಬಿಡುತ್ತಾ ಬರಬೇಕು, ನೀವು ಪೂರ್ತಿ ಒತ್ತಿ ನಿಲ್ಲಿಸಿದ್ದೀರಿ. ಅವಳಿಗೂ ಇದೇ ಚಾಳಿಯಿತ್ತು. ಗೆರೆ ಕೊಯ್ದ ಮೇಲೆ ಅಂಚಿನ ಹೊರಬದಿಗೆ, ಪೆಟ್ಟಿಗೆಯಲ್ಲಿರುವ ಮೂತಿ ಇಳಿಜಾರಾದ ಅಚ್ಚನ್ನು ಇಟ್ಟು ಕೊಡತಿಯಿಂದ ಮೆಲ್ಲಗೆ ಬಡಿಯುತ್ತಾ ಸರಿಯಿರಿ. ಆಗ ಎಲೆ ಮೇಲೆದ್ದು ಬರುತ್ತದೆ. ಇನ್ನೆರಡು ತಿಂಗಳು ಇದನ್ನೇ ಮಾಡಿ. ಒರೆಯ ಮಾತು ಆಮೇಲೆ.

ನೀವು ವಿಚಾರಿಸಲು ಹೇಳಿದ್ದನ್ನು ವಿಚಾರಿಸಿದೆ. ಯಾರಿಗೂ ಏನೂ ಹೇಳಿರಲಿಲ್ಲವಂತೆ.

ಇಂತಿ,
ಕೊಡತಿಯಮ್ಮ


ಆಗಸ್ಟ್ ೧೪

ಅಕ್ಕಾ,

ದೊಡ್ಡ ತಪ್ಪಾಗಿ ಹೋಗಿದೆ.

ಎರಡು ತಿಂಗಳು ಅಂದಿದ್ದಿರಿ, ನಾನು ಕಾಯಲಿಲ್ಲ. ಈಚೆಗೆ ನನ್ನ ಎಲೆಗಳು ಪರವಾಗಿಲ್ಲ ಅನ್ನುವಂತೆ ಬರುತ್ತಿದ್ದವು. ನಿನ್ನೆ ಧೈರ್ಯ ಮಾಡಿ ಒರೆ ಹೊರಗೆ ತೆಗೆದೆ, ಎಂಟನೆಯ ಎಲೆಯೊಂದನ್ನು ಮಾಡೋಣ ಅಂತ. ಕೆಳಗಿನ ಅರ್ಧ ಸೊಟ್ಟಗಾಗಿತ್ತು, ಪಾರ್ಸೆಲ್ಲಿನಲ್ಲಿ ಮಡಿಚಿಕೊಂಡದ್ದೇನೋ, ಅಡ್ಡಲಾಗಿ ಎರಡು ಸುಕ್ಕು. ಸುಕ್ಕಿನ ಮೇಲೆ ಚಾಕು ಹೇಗೆ ಓಡಿಸುವುದು? ನೀರು ಸವರಿದೆ, ಕಾದೆ, ಕೆನ್ನೆಗಿಟ್ಟು ನೋಡಿದೆ. ಇಸ್ತ್ರಿಯ ಹದ ಸರಿಯಾಗಿತ್ತು. ಮೂವತ್ತೈದು ವರ್ಷದ ಕೈ ಅಕ್ಕಾ, ಯಾರನ್ನೂ ಕೇಳಲಿಲ್ಲ. ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಎಳೆದುಬಿಟ್ಟೆ. ಜಾಸ್ತಿ ಬಿಸಿ ಕೂಡ ಇರಲಿಲ್ಲ.

ಬಟ್ಟೆ ತೆಗೆದಾಗ ಚರ್ಮ ಕುಗ್ಗುತ್ತಿತ್ತು. ನಾನು ನೋಡುತ್ತಿದ್ದ ಹಾಗೇ ಕೆಳಗಿನ ತುದಿ ಮುದುರಿ, ಗಟ್ಟಿಯಾಗಿ, ಕಂದು ತಿರುಗಿತು. ಏಳು ಎಲೆ ಹೇಗೋ ಉಳಿದಿವೆ, ಸ್ವಲ್ಪ ಚಪ್ಪಟೆಯಾಗಿವೆ. ಉಗುರಿನ ಗೆರೆ ಒಂದೂ ಇಲ್ಲ. ಕಿಟಕಿಗೆ ಹಿಡಿದೆ, ದೀಪಕ್ಕೆ ಹಿಡಿದೆ, ಗಡಿಯಾರದವನ ಭೂತಗನ್ನಡಿ ತಂದು ನೋಡಿದೆ. ಇಲ್ಲ.

ನನ್ನ ಕೈಯಿಂದಲೇ ಅಳಿಸಿಹಾಕಿದೆ. ಏನಾದರೂ ಮಾಡಿ ಮತ್ತೆ ಬರಿಸಬಹುದಾ? ನೀವು ಹೇಳಿದ್ದನ್ನೆಲ್ಲ ಮಾಡುತ್ತೇನೆ.

ಇಂತಿ,
ನಿಮ್ಮ ತಮ್ಮ


ಸೆಪ್ಟೆಂಬರ್ ೯

ಅಕ್ಕಾ,

ನಾಲ್ಕು ವಾರವಾಯಿತು, ನಿಮ್ಮ ಕಾಗದವಿಲ್ಲ. ಬೈದಾದರೂ ಬರೆಯಿರಿ. ಅವಳೂ ಹೀಗೇ ಮಾಡಿದಳು, ಮೂರು ವರ್ಷ. ನಾನೂ ಹಾಗೇ ಮಾಡಿದೆ ಅನ್ನಿ. ಇಬ್ಬರಲ್ಲಿ ಯಾರು ಮೊದಲು ಬರೆಯುವುದು ಅಂತ ಕೂತೆವು.

ನೀವು ಹಾಗೆ ಮಾಡಬೇಡಿ.

ಇಂತಿ,
ಟೈಲರ್


ಅಕ್ಟೋಬರ್ ೧೧

ಅಣ್ಣಾ,

ಉಗುರಿನ ಗುರುತು ಮತ್ತೆ ಬರುವುದಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ, ಆಸೆ ಇಟ್ಟುಕೊಳ್ಳಬೇಡಿ. ತಪ್ಪು ನಿಮ್ಮೊಬ್ಬರದಲ್ಲ. ಟೈಲರಿಗೆ ಇಸ್ತ್ರಿಯ ಹೋಲಿಕೆ ಕೊಟ್ಟು, ಬಿಸಿ ತಾಗಿಸಬಾರದು ಎಂದು ಹೇಳದೆ ಬಿಟ್ಟವಳು ನಾನು.

ನಾನು ಬರೆಯದೆ ಕೂತದ್ದು ಕೋಪದಿಂದಲ್ಲ. ನೀವು ಆಗಸ್ಟಿನ ಕಾಗದದಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದಿರಿ. ಅದನ್ನು ಓದಿದ ಮೇಲೆ ನನ್ನ ಮಾರ್ಚಿನ ಕಾಗದ, ಜುಲೈ ಕಾಗದ ನೆನಪಾಗಿ ನಾಚಿಕೆಯಾಯಿತು. ನಾನು ನಿಮಗೆ ಸುಳ್ಳು ಹೇಳಿದ್ದೇನೆ, ಎರಡು ಸಲ. ಅವಳು ಆ ಬಸ್ಸಿನಲ್ಲಿ ಯಾಕಿದ್ದಳು ಎಂದು ನನಗೆ ಮೊದಲಿನಿಂದಲೂ ಗೊತ್ತು.

ಆ ಒರೆ ನಿಮ್ಮ ಕತ್ತರಿಗೆ ಮಾಡುತ್ತಿದ್ದದ್ದು. ನೀವು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಚಿಕ್ಕವಳಿದ್ದಾಗ ಅವಳಿಗೆ ಮುಟ್ಟಲು ಬಿಡುತ್ತಿರಲಿಲ್ಲವಂತಲ್ಲ, ಅದಕ್ಕೆ. ನೆನಪಿನಿಂದಲೇ ಕಾಗದದ ಮೇಲೆ ಅದರ ಆಕಾರ ಬರೆದು ತಂದಳು. ನೀವು ಅವಳ ಚೀಲದಲ್ಲಿ ನೋಡಿದ್ದು ಅದೇ ಕಾಗದ. ನಾನು ಅಳೆದು ನಕ್ಕೆ. "ಹದಿನಾಲ್ಕು ಇಂಚಿನ ಕತ್ತರಿ ಯಾವ ಟೈಲರ್ ಹತ್ರ ಇರುತ್ತೆ ಹುಡುಗೀ? ಅದೇನು ಕತ್ತರೀನಾ, ಕತ್ತೀನಾ?" ಎಂದೆ. "ಇಲ್ಲ ಮೇಡಂ, ನಮ್ಮಪ್ಪನ ಕತ್ತರಿ ಅಷ್ಟು ದೊಡ್ಡದೇ. ನನ್ನ ಬೆರಳ ತುದಿಯಿಂದ ಮೊಣಕೈವರೆಗೂ ಬರೋದು" ಎಂದು ಹಟ ಹಿಡಿದಳು. "ಆವಾಗ ನಿನ್ನ ಕೈ ಎಷ್ಟಿತ್ತು?" ಎಂದೆ. ಆದರೂ ಹದಿನಾಲ್ಕಕ್ಕೇ ಚರ್ಮ ಕತ್ತರಿಸಿ ಕೆತ್ತಲು ಕೂತಳು.

ಏಳು ಎಲೆಯವರೆಗೆ ಸುಮ್ಮನಿದ್ದೆ. ಆ ಮಂಗಳವಾರ ನನಗೆ ರೇಗಿತು. ಕೆಲಸದ ವಿಷಯದಲ್ಲಿ ನನ್ನ ಬಾಯಿ ಒಳ್ಳೆಯದಲ್ಲ. "ಅಂದಾಜಿನ ಮೇಲೆ ಮಾಡೋ ಕೆಲಸ ನನ್ನ ಮೇಜಿನ ಮೇಲೆ ಬೇಡ. ನಾಳೆ ಹೋಗಿ ಅಳೆದುಕೊಂಡು ಬಾ, ಇಲ್ಲದಿದ್ದರೆ ಅದನ್ನ ಚೂರಿನ ಬುಟ್ಟಿಗೆ ಹಾಕು" ಎಂದೆ, ಎಲ್ಲರ ಎದುರಿಗೆ. ಅವಳು ರಜೆ ಕೇಳಲಿಲ್ಲ ಅಣ್ಣಾ. ನಾನೇ ಕಳಿಸಿದೆ. ಒಂಬತ್ತರ ಬಸ್ಸು ಹಿಡಿ ಎಂದು ಹೇಳಿದವಳೂ ನಾನೇ.

ಇನ್ನೊಂದು ಉಳಿಯಿತು. ಅದನ್ನು ಹೇಳದೆ ಬಿಟ್ಟರೆ ನಿಮಗೆ ಸಮಾಧಾನ ಆಗಬಹುದಿತ್ತು. ಮತ್ತೆ ಸುಳ್ಳಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಅವಳು ಬರುತ್ತಿದ್ದದ್ದು ನಿಮ್ಮ ಅಂಗಡಿಗೆ. ನಿಮ್ಮನ್ನು ನೋಡಲು ಅಲ್ಲ. "ಅಪ್ಪ ಅಳತೆಗೂ ಮೆಟ್ಲು ಹತ್ತಬೇಡ ಅಂದಿದ್ದಾರೆ ಮೇಡಂ. ಅವರು ಒಂದು ಗಂಟೆಗೆ ಸರಿಯಾಗಿ ಅರ್ಧ ಶಟರ್ ಎಳೆದು, ಬೀಗದಕೈ ಗಡಿಯಾರದ ಮಾಮನ ಹತ್ರ ಕೊಟ್ಟು ಊಟಕ್ಕೆ ಮನೆಗೆ ಹೋಗ್ತಾರೆ. ಎರಡಕ್ಕೆ ಬರೋದು. ಅಷ್ಟರಲ್ಲಿ ಮಾಮನ್ನ ಕೇಳಿ ಒಳಗೆ ಹೋಗಿ ಅಳೆದುಕೊಂಡು, ಒಂದೂ ಮುಕ್ಕಾಲಿನ ಬಸ್ಸಿಗೆ ವಾಪಸ್ ಬಂದ್ಬಿಡ್ತೀನಿ" ಎಂದಿದ್ದಳು. ಮುಗಿಸಿದ ಮೇಲೆ ಅಂಚೆಯಲ್ಲಿ ಕಳಿಸುತ್ತೇನೆ, ಹೆಸರು ಹಾಕುವುದಿಲ್ಲ, ಹೊಲಿಗೆ ನೋಡಿ ಅಪ್ಪನಿಗೇ ಗೊತ್ತಾಗುತ್ತೆ ಎಂದು ನಗುತ್ತಿದ್ದಳು.

ನೀವು ಬೇಕಾದ್ದು ಬರೆಯಿರಿ. ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಇಂತಿ,
ಟೀಚರ್


ನವೆಂಬರ್ ೬

ಅಕ್ಕಾ,

ನಿಮ್ಮ ಕಾಗದ ಬಂದ ಮೇಲೆ ಒಂದು ವಾರ ನಿಮ್ಮನ್ನು ಮನಸ್ಸಿನಲ್ಲೇ ಬೈದೆ. ಸುಮ್ಮನೆ ಅಲ್ಲ, ಹೆತ್ತವರಿಗೆಲ್ಲ ತಾಗುವ ಹಾಗೆ ಬೈದೆ. ಒಂದು ಹುಡುಗಿಯ ಹಟವನ್ನು ಎಲ್ಲರ ಮುಂದೆ ಮುರಿಯಲು ಇವಳ್ಯಾರು ಅಂದುಕೊಂಡೆ. ಆಮೇಲೆ ಅಂಗಡಿಯ ಮೆಟ್ಟಿಲಿಳಿಯುವಾಗ ಒಂದು ದಿನ ನನ್ನ ಮಾತೇ ನೆನಪಾಯಿತು. ನೀವು ಅಳತೆ ತೆಗೆದುಕೊಂಡು ಬಾ ಅಂದಿರಿ, ಅಷ್ಟೇ. ಅಳತೆಗೂ ಬರಬೇಡ ಅಂದವನು ನಾನು. ನಿಮ್ಮನ್ನು ಬೈಯುವುದನ್ನು ಅಲ್ಲಿಗೆ ನಿಲ್ಲಿಸಿದೆ.

ನನ್ನ ಕತ್ತರಿ ಹನ್ನೊಂದು ಇಂಚು. ಅವಳಿಗೆ ಆರು ವರ್ಷ ಇದ್ದಾಗ ತೋಳನ್ನು ಅದರ ಪಕ್ಕ ಚಾಚಿ, "ಅಪ್ಪಾ, ನಿನ್ನ ಕತ್ತರಿ ನನ್ನಷ್ಟಿದೆ" ಅಂತ ಕುಣಿಯುತ್ತಿದ್ದಳು. ಅದು ನನಗೆ ಮರೆತೇ ಹೋಗಿತ್ತು.

ಒರೆ ಮುಗಿಸಿದೆ. ಎಂಟನೆಯ ಎಲೆ ಒಂದು ಮಾತ್ರ ಕೆತ್ತಿದೆ, ಅವಳ ಗೆರೆ ಇದ್ದ ಜಾಗದಲ್ಲಿ, ಅಂದಾಜಿನ ಮೇಲೆ. ನೀವು ಒಪ್ಪುವುದಿಲ್ಲ, ಗೊತ್ತು. ತುದಿಯಲ್ಲಿ ಮತ್ತೆ ಪೂರ್ತಿ ಒತ್ತಿಬಿಟ್ಟೆ. ಅದರ ಕೆಳಗೆ ಖಾಲಿ ಬಿಟ್ಟಿದ್ದೇನೆ. ನೀವು ಕಳಿಸಿದ್ದ ದೊಡ್ಡ ಚೂರನ್ನು ಹಿಂಭಾಗಕ್ಕೆ ಇಟ್ಟು, ಎರಡು ಸೂಜಿ ಹಾಕಿ ಕೈಯಲ್ಲೇ ಹೊಲಿದೆ. ಹೊಲಿಗೆ ಮಾತ್ರ ನಿಮ್ಮ ಕೆಲಸದವರಿಗೆ ತೋರಿಸಬಹುದು. ಕುಗ್ಗಿದ ಮೇಲೂ ಕತ್ತರಿಯ ಕೆಳಗೆ ಎರಡು ಇಂಚು ಖಾಲಿ ಉಳಿಯುತ್ತದೆ. ಕತ್ತರಿಸಿ ಸರಿ ಮಾಡು ಅಂತ ಗಡಿಯಾರದವನು ಹೇಳಿದ. ಬೆಳೆಯುವ ಮಕ್ಕಳ ಬಟ್ಟೆಗೆ ನಾವು ಒಳಗೆ ಮಡಿಚಿ ಬಟ್ಟೆ ಬಿಡುತ್ತೇವೆ, ಇದೂ ಹಾಗೇ ಇರಲಿ ಅಂದೆ.

ಇನ್ನು ಅವಳು ಹಾಕಿದ್ದ ಲೆಕ್ಕಾಚಾರದ ವಿಷಯ. ಅದು ಸರಿಯಾಗೇ ಇತ್ತು ಅಕ್ಕಾ, ಮೂರು ವರ್ಷದ ಹಿಂದೆ. ಒಂದಕ್ಕೆ ಅರ್ಧ ಶಟರ್, ಗಡಿಯಾರದವನಿಗೆ ಬೀಗದಕೈ, ಎರಡಕ್ಕೆ ವಾಪಸ್ಸು. ಅವಳು ಹೋದ ಮೇಲೆ ನಾನು ಊಟಕ್ಕೆ ಮನೆಗೆ ಹೋಗುವುದನ್ನೇ ಬಿಟ್ಟೆ. ಆ ಮನೆಯಲ್ಲಿ ಒಬ್ಬನೇ ತಟ್ಟೆ ಇಟ್ಟುಕೊಂಡು ಕೂರಲು ಆಗುತ್ತಿರಲಿಲ್ಲ. ಬೆಳಿಗ್ಗೆಯೇ ಡಬ್ಬಿ ಕಟ್ಟಿಕೊಂಡು ಬಂದು ಅಂಗಡಿಯಲ್ಲೇ, ಅವಳ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ, ಬಾಗಿಲಿಗೆ ಮುಖ ಮಾಡಿ ಕೂತು ಉಣ್ಣುತ್ತೇನೆ. ಇದು ಅವಳಿಗೆ ಹೇಗೆ ಗೊತ್ತಾಗಬೇಕು?

ಹೋದ ವರ್ಷ ಆ ಬುಧವಾರವೂ ಅಲ್ಲೇ ಕೂತಿದ್ದೆ. ಡಬ್ಬಿ ಬಿಚ್ಚಿ ಎರಡು ತುತ್ತು ಉಂಡಿದ್ದೆ, ಆಗಲೇ ಫೋನು ಬಂದದ್ದು.

ಇವತ್ತೂ ಬುಧವಾರ. ಒಂದು ಗಂಟೆಗೆ ಡಬ್ಬಿ ಬಿಚ್ಚಿ ಬಾಗಿಲು ನೋಡುತ್ತಾ ಕೂತಿದ್ದೆ. ಅವತ್ತು ಬಂದು ತಲುಪಿದ್ದರೆ, ನನ್ನನ್ನು ನೋಡಿ ಅವಳು ಮೆಟ್ಟಿಲ ಕೆಳಗೇ ನಿಂತುಬಿಡುತ್ತಿದ್ದಳು, ಕೈಯಲ್ಲಿ ನನ್ನ ಟೇಪು ಹಿಡಿದುಕೊಂಡು. ಕ್ಷಮಿಸು ಅನ್ನುವುದೆಲ್ಲ ನನ್ನ ಬಾಯಲ್ಲಿ ಹುಟ್ಟುವ ಮಾತಲ್ಲ. ಏನು ಹೇಳುತ್ತಿದ್ದೆ ಅಂತ ಒಂದು ವರ್ಷದಿಂದ ಯೋಚಿಸುತ್ತಿದ್ದೆ, ಈಗ ಗೊತ್ತಾಗಿದೆ. ಅವಳನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಏನೇ ಇದು, ಹೆಗಲು ಒಂದಿಂಚು ಸಡಿಲ ಇದೆ. ಒಳಗೆ ಬಾ" ಅ‌ನ್ನುತ್ತಿದ್ದೆ.

ಇಂತಿ,
ಅವಳ ಅಪ್ಪ